ಬೈಸಿಕಲ್ ಯಾತ್ರೆಯ ಚೀಲಗಳು

ಬೆಳಗಿನ ಜಾವದಲ್ಲಿ ಊರ ಹೊರಗಿನ ರಸ್ತೆಯಲ್ಲಿ ಹಾಲಿನವರ ಬೈಸಿಕಲ್ಲು ಪಟ್ಟಣದ ಕಡೆಗೆ ಬರುವುದನ್ನು ಶ್ರೋತೃಗಳಲ್ಲಿ ಅನೇಕರು ನೋಡಿರಬಹುದು. ಹಿಂದಿನ ಚಕ್ರದ ಎರಡು ಮಗ್ಗುಲಿಗೂ ಕಬ್ಬಿಣದ ಕೊಕ್ಕೆಗಳಿಂದ ತೂಗುಬಿಟ್ಟ ಎರಡು ಕ್ಯಾನುಗಳು. ಅವುಗಳ ತಳ ಚಕ್ರದ ಅಚ್ಚಿನ ಮಟ್ಟಕ್ಕೆ ಇಳಿದಿರುತ್ತದೆ. ಆದರೂ ಸವಾರನ ಹಿಮ್ಮಡಿ ಅವಕ್ಕೆ ತಗಲುವುದಿಲ್ಲ. ನಾವು ಬಹುದಿನ ಗಮನಿಸಿದ ಹಾಲಿನವರೊಬ್ಬರು ಒಂದು ಮನೆಗೆ ಎಡಗಡೆಯ ಕ್ಯಾನಿನಿಂದ ಹಾಲನ್ನು ಅಳೆದರೆ ಮುಂದಿನ ಮನೆಗೆ ಬಲಗಡೆಯದರಿಂದ ಅಳೆಯುತ್ತಿದ್ದರು. ಹೀಗೇಕೆಂದು ಕೇಳಿದುದಕ್ಕೆ, “ಒಂದು ಕಡೆಯೇ ಬರಿದಾದರೆ ಗಾಡಿ ಎಳೆಯುತ್ತೆ ಸ್ವಾಮಿ” ಎಂದರು. ಹೊರೆಯನ್ನು ಕೆಳಗೆ ಇಡಬೇಕು. ಎರಡು ಮಗ್ಗುಲಿಗೂ ಸಮನಾಗಿ ಹಂಚಬೇಕು. ಕಾಲಿಗೆ ಅಡ್ಡವಾಗದಂತೆ ಕಟ್ಟಬೇಕು. ಈ ಮೂರು ಸೂತ್ರಗಳೂ ಆ ಬೈಸಿಕಲ್ಲಿನಲ್ಲಿಯೇ ಅಡಗಿದ್ದುವು. ಬೈಸಿಕಲ್ಲನ್ನೇರಿ ದೂರದ ಪ್ರಯಾಣಕ್ಕೆ ಹೊರಡುವವರ ಚೀಲಗಳನ್ನು ಕುರಿತು ನಾವು ಇಂದು ಹೇಳಬೇಕೆಂದಿರುವುದು ಬಹುಮಟ್ಟಿಗೆ ಇವುಗಳ ವಿವರಣೆಯೇ. ನಾಲ್ಕನೆಯ ಸೂತ್ರವೊಂದಿದೆ. ಅದನ್ನು ನಾವು ಕಲಿತದ್ದು ಹಾಲಿನವರಿಂದಲ್ಲ, ನಮ್ಮದೇ ತಪ್ಪಿನಿಂದ.

ಚೀಲವೂ ಒಂದು ಉಪನ್ಯಾಸಕ್ಕೆ ವಿಷಯವೆ ಎಂದು ಕೆಲವರಿಗೆ ತೋರಬಹುದು. ರೈಲಿನಲ್ಲಿ ಹೋಗುವವನ ಹೊರೆಯನ್ನು ರೈಲು ಹೊರುತ್ತದೆ; ಅದು ಎಷ್ಟಿದೆಯೆಂಬುದು ಅವನಿಗೆ ನಿಲ್ದಾಣದಲ್ಲಿ ಮಾತ್ರ ಗೊತ್ತಾಗುತ್ತದೆ. ಕಾಲ್ನಡಿಗೆಯವನಿಗೆ ಹೆಗಲೇ ಎಲ್ಲವನ್ನೂ ಹೇಳುತ್ತದೆ. ಬೈಸಿಕಲ್ಲಿನವನ ಸ್ಥಿತಿ ಇವೆರಡರ ನಡುವಣದು. ಸಮನೆಲದಲ್ಲಿ ಅವನು ತನ್ನ ಹೊರೆಯನ್ನು ಮರೆತಿರುತ್ತಾನೆ. ಏರಿನಲ್ಲಿ ಪ್ರತಿಯೊಂದು ಕಿಲೋಗ್ರಾಮೂ ಅವನ ಮೊಣಕಾಲಿಗೆ ತನ್ನ ಹೆಸರು ಹೇಳುತ್ತದೆ. ಇಳಿಜಾರಿನಲ್ಲಿಯಾದರೋ ಅದೇ ಹೊರೆ ಅವನನ್ನು ಹಿಂದಿನಿಂದ ತಳ್ಳುತ್ತದೆ. ಆದುದರಿಂದ ಎಷ್ಟು ಹೊರಬೇಕು, ಎಲ್ಲಿ ಹೊರಬೇಕು, ಯಾವುದರಲ್ಲಿ ಹೊರಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳದೆ ಅವನು ಹೊರಡುವಂತಿಲ್ಲ.

ಈ ಪ್ರಶ್ನೆಗಳು ಬೈಸಿಕಲ್ಲಿನಷ್ಟೇ ಹಳೆಯವು. ೧೮೮೪ರಲ್ಲಿ ಥಾಮಸ್ ಸ್ಟೀವನ್ಸ್ ಎಂಬಾತನು ಮುಂದಿನ ಚಕ್ರ ಬಹು ದೊಡ್ಡದಾಗಿಯೂ ಹಿಂದಿನದು ಬಹು ಚಿಕ್ಕದಾಗಿಯೂ ಇದ್ದ ಆ ಕಾಲದ ಬೈಸಿಕಲ್ಲನ್ನೇರಿ ಸಾನ್ ಫ್ರಾನ್ಸಿಸ್ಕೋ ಪ್ರಾಂತದಿಂದ ಹೊರಟನು. ೧೮೮೬ರ ಡಿಸೆಂಬರಿನಲ್ಲಿ ಜಪಾನಿನ ಯೊಕೊಹಾಮವನ್ನು ಮುಟ್ಟಿದನು. ಲೋಕವನ್ನು ಬೈಸಿಕಲ್ಲಿನಲ್ಲಿ ಸುತ್ತಿದವರಲ್ಲಿ ಆತನೇ ಮೊದಲಿಗ. ಹೊರಡುವಾಗ ಆತನ ಬಳಿ ಇದ್ದುದು ಕೆಲವು ಕಾಲುಚೀಲ, ಒಂದು ಹೆಚ್ಚಿನ ಅಂಗಿ, ಒಂದು ಪಿಸ್ತೂಲು, ಒಂದು ಮಳೆಯಂಗಿ, ಇಷ್ಟೆ. ಮಳೆ ಬಂದಾಗ ಅಂಗಿಯಾಗಿದ್ದುದೇ ರಾತ್ರಿಯಲ್ಲಿ ಡೇರೆಯೂ ಹಾಸಿಗೆಯೂ ಆಗುತ್ತಿತ್ತು. ಒಂದು ವಸ್ತುವಿನಿಂದ ಮೂರು ಕೆಲಸವನ್ನು ತೆಗೆದುಕೊಂಡರೆ ಎರಡು ವಸ್ತುಗಳ ತೂಕ ಉಳಿಯಿತೆಂಬ ಲೆಕ್ಕವನ್ನು ಆತನು ಆಗಲೇ ಮಾಡಿದ್ದನು.

ಎಲ್ಲಿ ಹೊರಬೇಕೆಂಬ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರ ದೊರೆತದ್ದು ೧೮೯೭ರಲ್ಲಿ. ಅಮೆರಿಕದ ಸೈನ್ಯದ ೨೫ನೆಯ ಕಾಲಾಳು ದಳದ ೨೦ ಮಂದಿ ಕರಿಯ ಸಿಪಾಯಿಗಳು ಲೆಫ್ಟೆನೆಂಟ್ ಜೇಮ್ಸ್ ಮಾಸ್ ಎಂಬ ಅಧಿಕಾರಿಯ ಕೈಕೆಳಗೆ ಮಾಂಟಾನ ಪ್ರಾಂತದ ಮಿಸೂಲ ಕೋಟೆಯಿಂದ ಸೇಂಟ್ ಲೂಯಿ ನಗರದವರೆಗೆ, ಸುಮಾರು ೧,೯೦೦ ಮೈಲಿಗಳನ್ನು, ಬೈಸಿಕಲ್ಲಿನಲ್ಲಿ ಕ್ರಮಿಸಿದರು. ಬೆಟ್ಟ, ಕೆಸರು, ಮರಳು ಯಾವುದೂ ಅವರಿಗೆ ತಪ್ಪಲಿಲ್ಲ. ಅವರು ಕಂಬಳಿಯನ್ನೂ ಡೇರೆಯ ಅರ್ಧಭಾಗವನ್ನೂ ಸುರುಳಿ ಸುತ್ತಿ ಕೈಹಿಡಿಯ ಮುಂದೆ ಕಟ್ಟಿದ್ದರು. ಚೌಕಟ್ಟಿನ ನಡುವಣ ತೆರಪಿನಲ್ಲಿ, ಸವಾರನ ಎರಡು ಮೊಣಕಾಲುಗಳ ನಡುವೆ, ಗಟ್ಟಿ ಚರ್ಮದ ಪೆಟ್ಟಿಗೆಯೊಂದನ್ನು ಕೂಡಿಸಿದ್ದರು. ಭಾರವಾದ ವಸ್ತುವಿಗೆ ಬೈಸಿಕಲ್ಲಿನಲ್ಲಿ ಇದಕ್ಕಿಂತ ಉತ್ತಮವಾದ ಸ್ಥಳವಿಲ್ಲ. ಅದು ಎರಡು ಚಕ್ರಗಳಿಗೂ ನಡುವೆ ಇದೆ, ಅತ್ತಿತ್ತ ತೂಗಾಡುವುದಿಲ್ಲ. ಈಚಿನ ವರ್ಷಗಳಲ್ಲಿ ಬಟ್ಟೆಯಿಂದ ಹೊಲಿದ ಚೌಕಟ್ಟಿನ ಚೀಲಗಳನ್ನು ಹೊಸ ಶೋಧವೆಂದು ಕೊಂಡಾಡುವವರು ಆ ಸಿಪಾಯಿಗಳನ್ನು ನೆನೆಯಬೇಕು.

ನಮ್ಮ ದೇಶದವರೂ ಈ ಸಾಹಸದಲ್ಲಿ ಹಿಂದೆ ಬಿದ್ದವರಲ್ಲ. ೧೯೨೩ರ ಅಕ್ಟೋಬರಿನಲ್ಲಿ ಮುಂಬಯಿಯಿಂದ ಆರು ಮಂದಿ ಪಾರ್ಸಿ ತರುಣರು ಲೋಕಸಂಚಾರಕ್ಕೆ ಹೊರಟರು. ಆದಿ ಹಕೀಮ್, ಜಾಲ್ ಬಾಪಾಸೋಲ, ರುಸ್ತುಂ ಭುಂಗಾರ ಎಂಬ ಮೂವರು ಸುಮಾರು ೪೪,೦೦೦ ಮೈಲಿಗಳ ಯಾತ್ರೆಯನ್ನು ಮುಗಿಸಿ ೧೯೨೮ರ ಮಾರ್ಚಿಯಲ್ಲಿ ಹಿಂದಿರುಗಿದರು. ಒಂದು ವಾರದ ಸಂಚಾರಕ್ಕೆ ನಾವು ಕಟ್ಟುವ ಗಂಟನ್ನು ನೋಡಿಕೊಂಡಾಗಲೆಲ್ಲ ನಾಲ್ಕು ವರ್ಷಕ್ಕೂ ಮಿಗಿಲಾದ ಅವರ ಯಾತ್ರೆಯ ನೆನಪು ಬಂದು ನಮಗೆ ನಾಚಿಕೆಯಾಗುತ್ತದೆ.

ಇನ್ನು ಯಾವುದರಲ್ಲಿ ಹೊರಬೇಕೆಂಬುದು. ಈ ವಿಷಯದಲ್ಲಿ ಒಂದು ಸಂಗತಿ ಗಮನಾರ್ಹವಾಗಿದೆ. ಲೋಕದಲ್ಲಿ ಹೆಸರಾದ ಬೈಸಿಕಲ್ ಚೀಲಗಳಲ್ಲಿ ಕೆಲವು ಕಾರ್ಖಾನೆಯಲ್ಲಿ ಹುಟ್ಟಿದವಲ್ಲ. ಸವಾರನು ತನಗೋಸ್ಕರ ಮಾಡಿಕೊಂಡವು. ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿ ನೆಲ್ಸನ್ ಎಂಬ ಊರಿನ ವಿಲ್ಫ್ ಕ್ಯಾರಡೈಸ್ ಎಂಬಾತನಿಗೆ ಅಂಗಡಿಯ ಚೀಲಗಳು ಸರಿಬೀಳಲಿಲ್ಲ. ಆತನು ತಾನೇ ಒಂದನ್ನು ಹೊಲಿದುಕೊಂಡನು. ಜೊತೆಯ ಸವಾರರು ಅದನ್ನು ನೋಡಿ ತಮಗೂ ಬೇಕೆಂದರು. ೧೯೩೨ರಲ್ಲಿ ಆರಂಭವಾದ ಆ ಉದ್ಯಮದ ಹತ್ತಿಯ ಚೀಲಗಳು ದಶಕಗಳ ಕಾಲ ಇಂಗ್ಲೆಂಡಿನ ಮಳೆಯನ್ನು ತಡೆದುವು. ಮತ್ತೆ, ಜರ್ಮನಿಯ ಹಾರ್ಟ್‌ಮುಟ್ ಓರ್ಟ್‌ಲೀಬ್ ಎಂಬ ತರುಣನು ಇಂಗ್ಲೆಂಡಿನಲ್ಲಿ ಬೈಸಿಕಲ್ ಸಂಚಾರ ಮಾಡುತ್ತ ಮಳೆಯಲ್ಲಿ ತನ್ನ ಸಾಮಾನನ್ನೆಲ್ಲ ನೆನೆಸಿಕೊಂಡನು. ಪಕ್ಕದಲ್ಲಿ ಹೋಗುತ್ತಿದ್ದ ಲಾರಿಯ ಮೇಲುಹೊದಿಕೆಯನ್ನು ಕಂಡು, ಅದರೊಳಗಿನ ಸರಕು ನೆನೆಯದಿರುವಾಗ ತನ್ನ ಬಟ್ಟೆಗಳೇಕೆ ನೆನೆಯಬೇಕೆಂದು ಯೋಚಿಸಿದನು. ಊರಿಗೆ ಬಂದು ತಾಯಿಯ ಹೊಲಿಗೆಯ ಯಂತ್ರದಲ್ಲಿ ಆ ಲಾರಿಯ ಬಟ್ಟೆಯಿಂದಲೇ ಚೀಲವನ್ನು ಹೊಲಿದನು. ಅವನ ಉದ್ಯಮ ಹುಟ್ಟಿದ್ದು ೧೯೮೨ರಲ್ಲಿ. ಇವರಿಬ್ಬರಲ್ಲಿ ಒಬ್ಬನಿಗೆ ಅಸಮಾಧಾನ, ಮತ್ತೊಬ್ಬನಿಗೆ ಮಳೆ, ಗುರುವಾದುವು.

ತನಗೆ ತಕ್ಕಂತೆ ಮಾಡಿಕೊಳ್ಳುವುದೆಂದರೆ ಸೇರಿಸುವುದೊಂದೇ ಅಲ್ಲ, ಕಳೆಯುವುದೂ ಹೌದು. ಐರ್ಲೆಂಡಿನ ಡರ್ವ್ಲಾ ಮರ್ಫಿ ಎಂಬ ಮಹಿಳೆ ೧೯೬೩ರಲ್ಲಿ ತನ್ನ ದೇಶದಿಂದ ಭಾರತಕ್ಕೆ ಒಬ್ಬಂಟಿಯಾಗಿ ಬೈಸಿಕಲ್ಲಿನಲ್ಲಿ ಬಂದರು. ಹೊರಡುವುದಕ್ಕೆ ಮುಂಚೆ ಅವರು ತಮ್ಮ ಬೈಸಿಕಲ್ಲಿಗೆ ಮಾಡಿಸಿದ ದೊಡ್ಡ ಮಾರ್ಪಾಟೆಂದರೆ ಅದರಲ್ಲಿದ್ದ ಮೂರು ವೇಗದ ಗಿಯರನ್ನು ತೆಗೆಸಿಹಾಕಿದುದು. ಮುಂದಿನ ಹಾದಿಗಳ ಒರಟುತನಕ್ಕೆ ಆ ಸೂಕ್ಷ್ಮ ಯಂತ್ರ ತಾಳದೆಂದು ಅವರು ಎಣಿಸಿದರು. ಕೆಟ್ಟುಹೋಗಬಹುದಾದುದು ಇಲ್ಲದಿದ್ದರೆ ಕೆಡುವ ಭಯವೂ ಇಲ್ಲ.

ಇಷ್ಟೆಲ್ಲ ಓದಿ ತಿಳಿದಿದ್ದ ನಾವು ಮಾಡಿದುದೇನೆಂಬುದನ್ನು ಈಗ ಹೇಳಬೇಕು. ಕೆಲವು ವರ್ಷಗಳ ಹಿಂದೆ ಮಿತ್ರರೊಬ್ಬರೊಡನೆ ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆಗಳ ಮೂಲಕ ಕರಾವಳಿಗೆ ಹೋಗಬೇಕೆಂದು ನಿಶ್ಚಯಿಸಿದೆವು. ಮನೆಯಲ್ಲಿ ಹೊಲಿಗೆಯ ಯಂತ್ರವಿತ್ತು, ಪುಸ್ತಕದ ಜ್ಞಾನವಿತ್ತು, ಅದಕ್ಕಿಂತ ಹೆಚ್ಚಾಗಿ ಅಹಂಕಾರವಿತ್ತು. ಎರಡು ಜೊತೆ ಚೀಲಗಳನ್ನು ನಾವೇ ಹೊಲಿದೆವು. ಒಂದು ಜೊತೆ ನಮಗೆ, ಒಂದು ಜೊತೆ ಮಿತ್ರರಿಗೆ. ಹೊಲಿಗೆ ನೋಡುವುದಕ್ಕೆ ಬಹಳ ಅಂದವಾಗಿತ್ತು. ಸಣ್ಣಸಣ್ಣನೆಯ, ಒತ್ತೊತ್ತಾದ ಹೊಲಿಗೆ. ಮನೆಯವರೆಲ್ಲ ಹೊಗಳಿದರು. ನಾವೂ ಹೊಗಳಿಸಿಕೊಂಡೆವು.

ಆಗುಂಬೆಯ ಘಟ್ಟವನ್ನು ಬಲ್ಲವರಿಗೆ ಅದರ ತಿರುವುಗಳನ್ನು ವರ್ಣಿಸಬೇಕಾದುದಿಲ್ಲ. ಮೂರನೆಯದೋ ನಾಲ್ಕನೆಯದೋ ತಿರುವನ್ನು ಇಳಿಯುತ್ತಿದ್ದಾಗ ಮುಂದೆ ಹೋಗುತ್ತಿದ್ದ ಮಿತ್ರರ ಎಡಗಡೆಯ ಚೀಲದ ಕೆಳಪಟ್ಟಿ ಕಿತ್ತುಬಂದಿತು. ಚೀಲ ಒಳಕ್ಕೆ ಹೊರಳಿ ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಂಡಿತು, ಚಕ್ರ ನಿಂತುಹೋಯಿತು, ಮಿತ್ರರು ರಸ್ತೆಯ ಅಂಚಿನ ಮೋಟುಗೋಡೆಗೆ ಹೋಗಿ ಬಿದ್ದರು. ಆ ಗೋಡೆಯ ಆಚೆಗೆ ಮರಗಳ ತುದಿಗಳು ಕಾಣುತ್ತಿದ್ದುವು, ನೆಲ ಕಾಣುತ್ತಿರಲಿಲ್ಲ. ಅವರ ಕೊರಳೆಲುಬು ಮುರಿದಿತ್ತು. ಕೆಳಗಿನಿಂದ ಬಂದ ಜೀಪೊಂದರಲ್ಲಿ ಅವರನ್ನು ಕೂಡಿಸಿಕೊಂಡು ತೀರ್ಥಹಳ್ಳಿಗೆ ಹಿಂದಿರುಗುವಾಗ ದಾರಿಯುದ್ದಕ್ಕೂ ಅವರು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತೆಂದು ನಮಗೆ ಅನ್ನಿಸುತ್ತಿತ್ತು.

ಊರಿಗೆ ಬಂದ ಮೇಲೆ ಆ ಹರಿದ ಚೀಲವನ್ನು ತೆಗೆದುಕೊಂಡು, ಲಾರಿಗಳಿಗೆ ಮೇಲುಹೊದಿಕೆಯನ್ನು ಹೊಲಿಯುವ ಹಿರಿಯರೊಬ್ಬರ ಬಳಿಗೆ ಹೋದೆವು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, “ದಾರ ಹರಿದಿಲ್ಲ ಸ್ವಾಮಿ, ಬಟ್ಟೆ ಹರಿದಿದೆ” ಎಂದರು. ನಾವು ಅಂದವೆಂದು ಭಾವಿಸಿದ್ದ ಒತ್ತು ಹೊಲಿಗೆಯೇ ಅಪರಾಧಿ. ಅಂಚೆಯ ಚೀಟಿಗಳ ಹಾಳೆಯಲ್ಲಿ ಸಾಲಾಗಿ ತೂತುಗಳನ್ನು ಮಾಡಿರುವುದು ಸುಲಭವಾಗಿ ಹರಿಯಲೆಂದಷ್ಟೆ? ನಮ್ಮ ಸೂಜಿಯೂ ಅದನ್ನೇ ಮಾಡಿತ್ತು. ಅಲ್ಲದೆ ಪಟ್ಟಿಯನ್ನು ಒಂದೇ ಪದರದ ಬಟ್ಟೆಯ ಮೇಲೆ, ಒಂದೇ ಸಾಲಿನಲ್ಲಿ, ಎಳೆತಕ್ಕೆ ಅಡ್ಡವಾಗಿ ಹೊಲಿದಿದ್ದೆವು. “ಭಾರ ಎಲ್ಲಿ ಎಳೆಯುತ್ತೋ ಅಲ್ಲಿ ಹೊಲಿಯಬೇಕು, ಕಣ್ಣು ಎಲ್ಲಿ ನೋಡುತ್ತೋ ಅಲ್ಲಲ್ಲ” ಎಂದು ಹೇಳಿ ಅವರು ತಮ್ಮ ಕೆಲಸಕ್ಕೆ ತಿರುಗಿಕೊಂಡರು. ಆಮೇಲೆ ಅನೇಕ ಭಾನುವಾರಗಳನ್ನು ಅವರ ಅಂಗಡಿಯಲ್ಲಿ ಕಳೆದೆವು. ಮುಂದೆ ಹೇಳುವ ವಿಷಯಗಳಲ್ಲಿ ಹೆಚ್ಚಿನವು ಅಲ್ಲಿ ಕಲಿತವು.

ಮೊದಲನೆಯದಾಗಿ, ಚೀಲವನ್ನು ಹೊಲಿಯುವುದಕ್ಕೆ ಮುಂಚೆ ಅದರೊಳಗೆ ಹೋಗುವ ವಸ್ತುಗಳನ್ನು ನೆಲದ ಮೇಲೆ ಹರಡಿ ಒಂದೊಂದಾಗಿ ತೂಗಬೇಕು. ಚೀಲ ದೊಡ್ಡದಾಗಿದ್ದರೆ ಅದನ್ನು ತುಂಬುವ ವಸ್ತುಗಳು ತಾವಾಗಿಯೇ ಬಂದು ಸೇರುತ್ತವೆ. ಎರಡನೆಯದಾಗಿ, ಬೈಸಿಕಲ್ಲನ್ನು ಅಳೆಯಬೇಕು. ಒಂದು ದಪ್ಪ ರಟ್ಟನ್ನು ಚೌಕಟ್ಟಿನ ತೆರಪಿಗೆ ಹಿಡಿದು ಗೆರೆ ಎಳೆದು ಕತ್ತರಿಸಿದರೆ ಅದೇ ಮಾದರಿಯಾಗುತ್ತದೆ. ನೀರಿನ ಸೀಸೆ ಹೋಗಿಬರಲು ಸ್ಥಳ ಬಿಟ್ಟು, ಸುತ್ತಲೂ ಹೊಲಿಗೆಗೆ ಒಂದು ಸೆಂಟಿಮೀಟರಿನಷ್ಟು ಸೇರಿಸಬೇಕು. ಈ ಚೀಲದ ದಪ್ಪ ಹೆಚ್ಚಾದರೆ ಮೊಣಕಾಲು ಉಜ್ಜುತ್ತದೆ. ತುಂಬಿದಾಗ ಹೊಟ್ಟೆ ಉಬ್ಬದಂತೆ ಒಳಗೆ ನಡುವೆ ಒಂದು ಅಡ್ಡಪರದೆಯನ್ನು ಹಾಕಬಹುದು. ಹಿಂದಿನ ಚೀಲಗಳಿಗಾದರೆ ಸವಾರನನ್ನು ಕೂಡಿಸಿ ತುಳಿಸಿ, ಹಿಮ್ಮಡಿ ಹೋಗುವ ಹಾದಿಯನ್ನು ಗುರುತಿಸಬೇಕು. ಚೀಲದ ಮುಂದಿನ ಕೆಳಮೂಲೆಯನ್ನು ಓರೆಯಾಗಿ ಕತ್ತರಿಸುವುದು ಇದಕ್ಕಾಗಿಯೇ. ಕಾಲು ಉದ್ದವಾಗಿರುವವರಿಗೆ ಈ ಓರೆ ಹೆಚ್ಚಾಗಿ ಬೇಕು. ಅಂಗಡಿಯವನು ನಮ್ಮ ಪಾದವನ್ನು ಅಳೆದವನಲ್ಲ.

ಬಟ್ಟೆಯ ವಿಷಯ. ದಪ್ಪ ಹತ್ತಿಯ ಬಟ್ಟೆಗೆ ಒಂದು ವಿಶೇಷ ಗುಣವಿದೆ. ನೆನೆದಾಗ ಅದರ ಎಳೆಗಳು ಉಬ್ಬಿ ನಡುವಣ ಸಂದುಗಳನ್ನು ಮುಚ್ಚಿಕೊಳ್ಳುತ್ತವೆ. ಮೇಣವನ್ನು ಕಾಯಿಸಿ ತೊಡೆದರೆ ಇನ್ನೂ ಒಳ್ಳೆಯದು. ಆದರೆ ತೂಕ ಹೆಚ್ಚು, ಒಣಗುವುದು ತಡ, ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಲೇಪನವುಳ್ಳ ನೈಲಾನ್ ಬಟ್ಟೆ ಹಗುರ, ಉಜ್ಜುವಿಕೆಗೆ ಗಟ್ಟಿ. ಆದರೆ ಬಹುಕಾಲ ಬಿಸಿಲಿಗೆ ಬಿದ್ದರೆ ಸತ್ತ್ವಗೆಡುತ್ತದೆ. ಬಟ್ಟೆಯೊಳಗೆ ನೀರು ಬರದಿದ್ದರೂ ಸೂಜಿಯ ತೂತುಗಳಲ್ಲಿ ಬಂದೇ ಬರುತ್ತದೆ. ಆದುದರಿಂದ ಹೊಲಿಗೆಯ ಒಳಬದಿಗೆ ಅಂಟನ್ನು ಬಳಿಯಬೇಕು. ಅದೂ ಸಾಲದೆಂದು ಒಳಗೆ ಬೇರೊಂದು ಜಲನಿರೋಧಕ ಚೀಲವನ್ನಿಟ್ಟು ಬಟ್ಟೆಬರೆಗಳನ್ನು ಅದರಲ್ಲಿ ಹಾಕಬೇಕು. ಬಾಯಿಗೆ ಜಿಪ್ಪು ಹಾಕುವುದಕ್ಕಿಂತ ಅಂಚನ್ನು ಮೂರು ನಾಲ್ಕು ಸಲ ಮಡಿಸಿ ಸುತ್ತಿ ಕೊಂಡಿ ಹಾಕುವುದು ಮಳೆಗೆ ಕ್ಷೇಮ; ಕೆಡುವ ಭಾಗಗಳೂ ಕಡಮೆ. ಜಿಪ್ಪೇ ಬೇಕಾದರೆ ದಪ್ಪನೆಯದನ್ನು ಆರಿಸಿ, ಅದರ ಮೇಲೆ ಒಂದು ಬಟ್ಟೆಯ ರೆಪ್ಪೆಯನ್ನು ಇಳಿಬಿಡಬೇಕು.

ದಾರ ಪಾಲಿಯೆಸ್ಟರಿನದಾಗಿರಲಿ, ಹತ್ತಿಯ ದಾರ ನೆನೆದು ಒಣಗಿ ಕೊಳೆಯುತ್ತದೆ. ದಪ್ಪ ಬಟ್ಟೆಗೆ ೧೬ನೆಯ ಅಥವಾ ೧೮ನೆಯ ನಂಬರಿನ ಸೂಜಿ ಬೇಕು. ಹೊಲಿಗೆಯ ಉದ್ದ ಮೂರು ನಾಲ್ಕು ಮಿಲಿಮೀಟರು ಇರಲಿ. ಪಟ್ಟಿಯನ್ನು ಜೋಡಿಸುವ ಸ್ಥಳದಲ್ಲಿ ಒಳಗೆ ಅದೇ ಬಟ್ಟೆಯ ಇನ್ನೊಂದು ಪದರವನ್ನಿಟ್ಟು, ಪಟ್ಟಿಯ ತುದಿಯನ್ನು ಚೌಕಾಕಾರವಾಗಿ ಹೊಲಿದು, ಆ ಚೌಕದೊಳಗೆ ಮೂಲೆಯಿಂದ ಮೂಲೆಗೆ ಕತ್ತರಿಯಂತೆ ಎರಡು ಸಾಲು ಹಾಕಬೇಕು. ಆಗ ಎಳೆತ ಒಂದೇ ಗೆರೆಯ ಮೇಲೆ ಬೀಳದೆ ಎಲ್ಲ ಕಡೆಗೂ ಹಂಚಿಹೋಗುತ್ತದೆ. ಸಾಧ್ಯವಿದ್ದರೆ ಪಟ್ಟಿಯನ್ನು ಚೀಲದ ತಳವನ್ನು ಸುತ್ತಿ ಬರುವಂತೆ ಹಾಕುವುದು ಇನ್ನೂ ಮೇಲು. ಆಗ ಭಾರವನ್ನು ಹೊರುವುದು ಪಟ್ಟಿಯೇ ಹೊರತು ಬಟ್ಟೆಯಲ್ಲ. ನೈಲಾನ್ ಪಟ್ಟಿಯ ತುದಿಗಳನ್ನು ಉರಿಗೆ ಹಿಡಿದು ಕರಗಿಸಿದರೆ ಎಳೆ ಬಿಡುವುದಿಲ್ಲ. ಮಿಕ್ಕ ತುದಿ ಒಂದು ಅಂಗುಲವೂ ಜೋತಾಡಬಾರದು. ಅದನ್ನು ಮಡಿಸಿ ಸಿಕ್ಕಿಸಲು ಒಂದು ಕುಣಿಕೆ ಇರಬೇಕು. ಚೀಲದ ಬೆನ್ನಿಗೆ ಗಟ್ಟಿಯಾದ ಹಲಗೆಯೊಂದನ್ನು ಕೊಟ್ಟರೆ ಅದು ಚಕ್ರದ ಕಡೆಗೆ ಬಾಗುವುದಿಲ್ಲ.

ತುಂಬುವುದೂ ಹೊಲಿಯುವುದರಷ್ಟೇ ಮುಖ್ಯ. ಉಪಕರಣ, ಆಹಾರ, ಒಲೆ ಮೊದಲಾದ ಭಾರದ ವಸ್ತುಗಳು ಚೌಕಟ್ಟಿನ ಚೀಲಕ್ಕೂ ಪಕ್ಕದ ಚೀಲಗಳ ತಳಕ್ಕೂ ಹೋಗಬೇಕು. ಹಾಸಿಗೆ, ಉಣ್ಣೆಯ ಬಟ್ಟೆಗಳಂಥ ಹಗುರವಾದುವು ಮೇಲಕ್ಕೂ ಕೈಹಿಡಿಯ ಮುಂದಕ್ಕೂ ಇರಲಿ. ಪೀಠದ ಹಿಂದೆ ಎತ್ತರವಾಗಿ ಭಾರವನ್ನು ಕಟ್ಟಿದರೆ ಎದ್ದುನಿಂತು ತುಳಿಯುವಾಗ ಬೈಸಿಕಲ್ಲು ಬಾಲವನ್ನು ಆಡಿಸುತ್ತದೆ. ಸೂಜಿ, ದಾರ, ಒಂದು ತುಂಡು ಬಟ್ಟೆ, ಎರಡು ಹೆಚ್ಚಿನ ಪಟ್ಟಿ, ಒಂದು ಕೊಂಡಿ ಇವು ಮಾತ್ರ ಯಾವಾಗಲೂ ಕೈಗೆ ಸಿಕ್ಕುವ ಸ್ಥಳದಲ್ಲಿರಬೇಕು. ನಾವೇ ಹೊಲಿದ ಚೀಲದ ದೊಡ್ಡ ಪ್ರಯೋಜನ ಇದು: ಕಾಡುದಾರಿಯಲ್ಲಿ ಅದು ಹರಿದರೆ ಎಲ್ಲಿಂದ ಬಿಚ್ಚಿ ಎಲ್ಲಿಗೆ ಹೊಲಿಯಬೇಕೆಂಬುದು ನಮಗೆ ಗೊತ್ತಿರುತ್ತದೆ.

ಕೊನೆಯದಾಗಿ ನಾಲ್ಕನೆಯ ಸೂತ್ರ. ನಾವು ಹೊಲಿದುದನ್ನು ಮೊದಲು ಪರೀಕ್ಷಿಸುವವರು ಇನ್ನೊಬ್ಬರಾಗಬಾರದು. ಆಗುಂಬೆಗೆ ಹೊರಡುವುದಕ್ಕೆ ಮುಂಚೆ ನಾವು ಆ ಚೀಲಗಳನ್ನು ತುಂಬಿ ಒಂದು ದಿನವಾದರೂ ಊರ ಸುತ್ತಿನ ಕಲ್ಲುಹಾದಿಯಲ್ಲಿ ಓಡಿಸಿರಲಿಲ್ಲ. ಪಟ್ಟಿಯನ್ನು ತೊಲೆಗೆ ಕಟ್ಟಿ, ಹೊರಬೇಕಾದ ಭಾರದ ಎರಡರಷ್ಟನ್ನು ತೂಗುಹಾಕಿ ಒಂದು ರಾತ್ರಿ ಬಿಟ್ಟಿದ್ದರೆ, ಒಂದು ಎಲುಬು ಮುರಿಯಬೇಕಾಗಿದ್ದ ಕಡೆ ಒಂದು ಹೊಲಿಗೆ ಹರಿದು ಎಲ್ಲವೂ ಮುಗಿಯುತ್ತಿತ್ತು. ಈಗ ನಮ್ಮ ಮನೆಯ ಹಿತ್ತಿಲಿನ ತೊಲೆಯಲ್ಲಿ ಒಂದು ಕೊಕ್ಕೆ ಇದೆ. ಹೊಲಿದುದೆಲ್ಲ ಮೊದಲು ಅದಕ್ಕೆ ತೂಗಬೇಕು, ಆಮೇಲೆ ಮಳೆಯಲ್ಲಿ ಒಂದು ದಿನ, ಕಲ್ಲುಹಾದಿಯಲ್ಲಿ ಒಂದು ದಿನ ಓಡಾಡಬೇಕು, ಆಮೇಲೆ ಯಾತ್ರೆ.

ಎರಡು ವರ್ಷಗಳಾದ ಮೇಲೆ ಮಿತ್ರರು ತಾವಾಗಿಯೇ ಆ ಹಾದಿಯ ಮಾತೆತ್ತಿದರು. ಅವರಿಗೆ ಹೊಸ ಚೀಲಗಳನ್ನು ಕೊಂಡು ತರುತ್ತೇವೆಂದು ನಾವು ಹೇಳಿದೆವು. ಅವರು ಒಪ್ಪಲಿಲ್ಲ, ಹಿತ್ತಿಲಿಗೆ ಹೋಗಿ ಕೊಕ್ಕೆಗೆ ತೂಗುತ್ತಿದ್ದ ಜೊತೆಯನ್ನು ನೋಡಿ, ಗುಣವಾದ ಆ ತೋಳಿನಿಂದಲೇ ಅದರ ಕೆಳಪಟ್ಟಿಯನ್ನು ಹಿಡಿದು ಮೈಯ ಭಾರವನ್ನೆಲ್ಲ ಬಿಟ್ಟು ಎಳೆದರು. ಪಟ್ಟಿ ಕದಲಲಿಲ್ಲ. “ಇದನ್ನೇ ಕೊಡಿ” ಎಂದರು. ಈ ಸಲ ನಾವು ಮುಂದೆಯೂ ಅವರು ಹಿಂದೆಯೂ ಘಟ್ಟವನ್ನು ಇಳಿದೆವು. ಆ ಮೋಟುಗೋಡೆಯ ಬಳಿ ಇಬ್ಬರೂ ನಿಂತು ಚೀಲಗಳ ಪಟ್ಟಿಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿ, ಸೋಮೇಶ್ವರದ ಕಡೆಗೆ ಹೊರಟೆವು.